ಸುಡಾನ್ ಸುದ್ದಿ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಾ ಎರಡು ಪೇಪರ್ ತರಿಸುತ್ತೇನೆ. 2023ರ ಏಪ್ರಿಲ್‌ನಲ್ಲಿ ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆಗ ಪೇಪರ್, ಟಿವಿ ಎಲ್ಲಿ ನೋಡಿದರೂ ಸುಡಾನ್. ಅವರು ಊರಿಗೆ ಬಂದರು, ಸುಡಾನ್ ಹೆಸರೇ ಮಾಯವಾಯಿತು. ಯುದ್ಧ ಆಮೇಲೂ ನಿಂತಿಲ್ಲ ಅಂತ ಪರೀಕ್ಷೆಗೆ ಓದುತ್ತಿರುವ ಮಗಳು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಯಾವ ಸುದ್ದಿ ಹಾಕಬೇಕು, ಯಾವುದು ಬಿಡಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಮೇಲಿನಿಂದ ಫೋನ್ ಬರುತ್ತದಾ? ಅಥವಾ ಎಲ್ಲ ದುಡ್ಡಿನ ಆಟವಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಯುದ್ಧ ನಿಲ್ಲಲಿಲ್ಲ. ನಮ್ಮವರು ವಾಪಸ್ ಬಂದ ಮೇಲೂ ವರ್ಷಗಟ್ಟಲೆ ನಡೆಯಿತು. ಮನೆ ಬಿಟ್ಟು ಓಡಿದವರ ಲೆಕ್ಕ ಒಂದು ಕೋಟಿ ದಾಟಿತು. ಇಷ್ಟು ಜನ ನೆಲೆ ಕಳೆದುಕೊಂಡ ದೇಶ ಜಗತ್ತಿನಲ್ಲಿ ಬೇರೆ ಇಲ್ಲ ಅಂತ ವಿಶ್ವಸಂಸ್ಥೆಯೇ ಹೇಳಿತು. ದಿನಾ ಎರಡು ಪೇಪರ್ ಓದುವ ನಿಮಗೇ ಅದು ತಿಳಿಯಲಿಲ್ಲ ಅಂದರೆ ತಪ್ಪು ನಿಮ್ಮದಲ್ಲ, ಪೇಪರ್ ಮಾಡಿದ ನಮ್ಮದು.

ನಾನು ಒಂದು ಪೇಪರ್‌ನ ದಾವಣಗೆರೆ ಎಡಿಷನ್‌ನಲ್ಲಿ ಇಪ್ಪತ್ತಾರು ವರ್ಷ ಡೆಸ್ಕ್ ಕೆಲಸ ಮಾಡಿದವನು. ಡೆಸ್ಕ್‌ನವರು ಊರೂರು ತಿರುಗಿ ಸುದ್ದಿ ತರುವುದಿಲ್ಲ. ಬಂದ ಸುದ್ದಿಯನ್ನು ಆರಿಸಿ, ತಿದ್ದಿ, ಹೆಡ್‌ಲೈನ್ ಕೊಟ್ಟು ಪುಟಕ್ಕೆ ಕೂರಿಸುತ್ತಾರೆ. ನಿಮ್ಮ ಪ್ರಶ್ನೆ ಕೇಳಬೇಕಾದದ್ದು ನಮ್ಮಂಥವರನ್ನೇ. ಸುಡಾನ್ ಮಾಯವಾಗಿದ್ದು ಯಾರ ಫೋನಿನಿಂದಲೂ ಅಲ್ಲ. ಆ ಸುದ್ದಿ ಬೇಡ ಅಂತ ಯಾರೂ ಹೇಳಲಿಲ್ಲ. ಬೇಕು ಅಂತಲೂ ಯಾರೂ ಹೇಳಲಿಲ್ಲ. ಹೆಚ್ಚಿನ ಸುದ್ದಿಗಳು ಸಾಯುವುದು ಹೀಗೇ.

ಆ ಏಪ್ರಿಲ್ ನನಗೆ ಚೆನ್ನಾಗಿ ನೆನಪಿದೆ. 15ನೇ ತಾರೀಕು ಸುಡಾನ್ ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡಿನ ಕಾಳಗ ಶುರುವಾಯಿತು. ಒಂದು ಕಡೆ ಸೇನೆಯ ಮುಖ್ಯಸ್ಥ ಬುರ್ಹಾನ್, ಇನ್ನೊಂದು ಕಡೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ದಗಾಲೊ. ಮೊದಲ ಎರಡು ದಿನ ಅದನ್ನು ವಿದೇಶ ಪುಟದ ಕೆಳಗೆ ಸಿಂಗಲ್ ಕಾಲಂನಲ್ಲಿ ಹಾಕಿದವನು ನಾನೇ. ಮೂರು ಪ್ಯಾರಾ. ಅಷ್ಟು ಸಾಕು ಅನ್ನಿಸಿತ್ತು.

18ನೇ ತಾರೀಕು ಎಲ್ಲ ಬದಲಾಯಿತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ಕರ್ನಾಟಕದ 31 ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಲುಕಿದ್ದಾರೆ, ಕರೆತನ್ನಿ ಅಂತ. ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಿನಿಂದಲೇ ಉತ್ತರ ಕೊಟ್ಟರು. ಜೀವದ ಪ್ರಶ್ನೆಯಲ್ಲಿ ರಾಜಕೀಯ ಮಾಡಬೇಡಿ ಅಂತ. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಟಿಕೆಟ್ ಗಲಾಟೆ, ನಾಮಪತ್ರದ ಬಿಸಿ. ಅದರ ಮಧ್ಯೆ ಸುಡಾನ್ ಒಂದೇ ರಾತ್ರಿಗೆ ವಿದೇಶ ಪುಟದ ಮೂಲೆಯಿಂದ ಮುಖಪುಟಕ್ಕೆ ಬಂತು.

ಅವತ್ತು ರಾತ್ರಿ ಒಂಬತ್ತೂಕಾಲಿಗೆ ಚನ್ನಗಿರಿಯ ನಮ್ಮ ವರದಿಗಾರ ಹುಡುಗ ಫೋನ್ ಮಾಡಿದ. 'ಸರ್, ಮನೆಯವರು ಅಲ್ಲಿಗೆ ವಾಟ್ಸ್‌ಆಪ್ ಕಾಲ್ ಮಾಡಿದಾರೆ, ನಾನೂ ಕೇಳಿಸ್ಕೊಂಡೆ' ಅಂದ. ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು ಕೂತಿದ್ದಾರೆ, ನೀರಿಗೆ ಪರದಾಟ, ಹೊರಗೆ ಗುಂಡಿನ ಸದ್ದು. ನಾನು ಪುಟ ಒಡೆದೆ. ಅಂದರೆ ಕಟ್ಟಿ ಮುಗಿಸಿದ್ದ ಪುಟವನ್ನು ಬಿಚ್ಚಿ ಹೊಸದಾಗಿ ಕೂರಿಸಿದೆ. ಕೈ ನಡುಗುವಷ್ಟು ಅವಸರ. ಆ ರಾತ್ರಿ ನಮಗೆ ಸುಡಾನ್ ಅಂದರೆ ಚನ್ನಗಿರಿಯ ಪಕ್ಕದ ಊರು.

ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತಾ ಆ ಜನ ಆಫ್ರಿಕಾದ ಅಷ್ಟು ಒಳಗಿನ ಊರಿಗೆ ಹೋಗಿದ್ದರು. ದೆಹಲಿ, ಬೆಂಗಳೂರಿನವರಿಗೆ ಅದು ಆಶ್ಚರ್ಯ. ನಮಗೆ ಗೊತ್ತಿದ್ದ ವಿಷಯ. ಆದರೂ ಯುದ್ಧ ಬರುವ ತನಕ ಒಂದು ಸಲವೂ ನಾವು ಅವರ ಬಗ್ಗೆ ಬರೆದಿರಲಿಲ್ಲ. ಈಗಲೂ ನನಗೆ ಅದು ಚುಚ್ಚುತ್ತದೆ.

ಏಪ್ರಿಲ್ 24ಕ್ಕೆ ಕೇಂದ್ರ ಸರ್ಕಾರ 'ಆಪರೇಷನ್ ಕಾವೇರಿ' ಶುರು ಮಾಡಿತು. ಮೂರೂವರೆ ಸಾವಿರಕ್ಕೂ ಜಾಸ್ತಿ ಭಾರತೀಯರನ್ನು ಕರೆತಂದರು. ನಮ್ಮವರೂ ಬಂದರು. ಮೇ 13ಕ್ಕೆ ಚುನಾವಣೆ ಫಲಿತಾಂಶ. ಸಿದ್ದರಾಮಯ್ಯನವರಾ, ಡಿ.ಕೆ. ಶಿವಕುಮಾರ್ ಅವರಾ ಅಂತ ಮುಖ್ಯಮಂತ್ರಿ ಕುರ್ಚಿಯ ಸುದ್ದಿ ಒಂದು ವಾರ ಪುಟ ತುಂಬಿತು. ನಮ್ಮ ಜನ ಅಲ್ಲಿಲ್ಲ, ಇಲ್ಲಿನ ಜಗಳ ಮುಗಿದಿದೆ, ಫೋನ್ ಮಾಡಿ ಹೇಳುವವರಿಲ್ಲ. ಸುಡಾನ್ ಮತ್ತೆ ಮೂರು ಪ್ಯಾರಾಕ್ಕೆ ಇಳಿಯಿತು. ಆಮೇಲೆ ಅದೂ ಹೋಯಿತು.

ಇದರಲ್ಲಿ ನನಗೆ ಅತಿ ನೋವಿನ ಭಾಗ ಇನ್ನೊಂದಿದೆ. ಆ 31 ಜನ ಇದ್ದ ಊರಿನ ಹೆಸರು ಎಲ್ ಫಾಶರ್. ಡಾರ್ಫುರ್ ಪ್ರದೇಶದ ದೊಡ್ಡ ಊರು. ಹದಿನೆಂಟು ತಿಂಗಳ ಮುತ್ತಿಗೆಯ ನಂತರ 2025ರ ಅಕ್ಟೋಬರ್ ಕೊನೆಯಲ್ಲಿ ಅದು ಆರ್‌ಎಸ್‌ಎಫ್ ಕೈಗೆ ಬಿತ್ತು. ಭಾರಿ ಸಂಖ್ಯೆಯಲ್ಲಿ ಜನರನ್ನು ಕೊಂದ ವರದಿಗಳು ಬಂದವು. ಪತ್ರಕರ್ತರು ಒಳಗೆ ಹೋಗುವ ಹಾಗಿರಲಿಲ್ಲ. ಉಪಗ್ರಹದ ಚಿತ್ರ ನೋಡಿ, ನೆಲದ ಮೇಲಿನ ಕಲೆ ರಕ್ತದ್ದೇ ಇರಬೇಕು ಅಂತ ಸಂಶೋಧಕರು ಹೇಳಬೇಕಾಯಿತು. ನಾನು ಅಷ್ಟೊತ್ತಿಗೆ ನಿವೃತ್ತನಾಗಿದ್ದೆ. ಬೆಳಿಗ್ಗೆ ಪೇಪರ್‌ನಲ್ಲಿ ಹುಡುಕಿದೆ. ಒಳಪುಟದಲ್ಲಿ ಎರಡು ಕಾಲಂ ಇತ್ತು. ನಮ್ಮ ಚನ್ನಗಿರಿಯವರು ಬಾಗಿಲು ಹಾಕಿಕೊಂಡು ಕೂತಿದ್ದು ಇದೇ ಊರಿನಲ್ಲಿ ಅಂತ ಒಂದು ಸಾಲು ಸೇರಿಸಿದ್ದರೆ ಜಿಲ್ಲೆಯ ಪ್ರತಿ ಮನೆಯಲ್ಲೂ ಅದನ್ನು ಓದುತ್ತಿದ್ದರು. ಡೆಸ್ಕ್‌ನಲ್ಲಿ ಅದನ್ನು ನೆನಪಿಟ್ಟವರು ಯಾರೂ ಇರಲಿಲ್ಲ.

ಈಗ ದಿನದ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಸಂಜೆ ಡೆಸ್ಕ್‌ಗೆ ಮೊದಲು ಬರುವುದು ಸುದ್ದಿ ಅಲ್ಲ, ಡಮ್ಮಿ. ಪುಟದ ಖಾಲಿ ನಕ್ಷೆ. ಜಾಹೀರಾತು ಎಲ್ಲೆಲ್ಲಿ ಕೂರುತ್ತದೆ ಅಂತ ಅದರಲ್ಲಿ ಮೊದಲೇ ಗುರುತು ಹಾಕಿರುತ್ತಾರೆ. ಎಂಟು ಕಾಲಂ ಪುಟದಲ್ಲಿ ಕೆಳಗಿನ ಅರ್ಧ ಚಿನ್ನದಂಗಡಿಯದ್ದೋ ಕಾಲೇಜಿನದ್ದೋ ಆದರೆ ಮೇಲಿನ ಅರ್ಧ ನಮ್ಮದು. ಅಷ್ಟರಲ್ಲಿ ಜಗತ್ತು ಹಿಡಿಸಬೇಕು. ಪಿಟಿಐ ಮತ್ತು ಬೇರೆ ಸುದ್ದಿ ಏಜೆನ್ಸಿಗಳಿಂದ ರಾಶಿ ರಾಶಿ ಕಾಪಿ, ಅಂದರೆ ಬರೆದ ಸುದ್ದಿ, ಬಂದು ಬಿದ್ದಿರುತ್ತದೆ. ಹಿಡಿಸುವುದು ಏಳೋ ಎಂಟೋ ಐಟಂ. ಮೊದಲು ಕಣ್ಣಿಗೆ ಬಿದ್ದದ್ದು, ಕನ್ನಡಕ್ಕೆ ತರಲು ಸುಲಭ ಇದ್ದದ್ದು, ಒಳ್ಳೆಯ ಫೋಟೊ ಇದ್ದದ್ದು ಒಳಗೆ ಹೋಗುತ್ತದೆ. ನಡುರಾತ್ರಿಯೊಳಗೆ ಪುಟ ಬಿಡಬೇಕು. ಗಾಡಿ ಹೊರಡಬೇಕು, ಹರಪನಹಳ್ಳಿ, ಜಗಳೂರಿಗೆ ಬೆಳಗಿನ ಜಾವ ಬಂಡಲ್ ಮುಟ್ಟಬೇಕು.

ಅಮೆರಿಕದ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಸಂಶೋಧಕರು ಇದನ್ನೇ ಅಧ್ಯಯನ ಮಾಡಿದ್ದರು. 1949ರಲ್ಲಿ ಅವರು ಕೇಳಿಕೊಂಡಂತೆ ಪಿಯೋರಿಯಾ ಎಂಬ ಊರಿನ ಪೇಪರ್‌ನ ಒಬ್ಬ ಸಂಪಾದಕರು ಒಂದು ವಾರ ತಾವು ಬಿಟ್ಟ ಪ್ರತಿ ಏಜೆನ್ಸಿ ಕಾಪಿಯ ಮೇಲೂ ಯಾಕೆ ಬಿಟ್ಟೆ ಅಂತ ಕೈಯಲ್ಲಿ ಬರೆದಿಟ್ಟರು. ಹತ್ತರಲ್ಲಿ ಒಂಬತ್ತು ಪಾಲು ಕಸದಬುಟ್ಟಿಗೆ ಹೋಗಿತ್ತು. ಕಾರಣಗಳಲ್ಲಿ ಜಾಗ ಇಲ್ಲ ಅನ್ನುವುದು ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಅವರ ಸ್ವಂತ ಇಷ್ಟಾನಿಷ್ಟವೂ ಕಾಣುತ್ತದೆ. 1950ರಲ್ಲಿ ಅಚ್ಚಾದ ಆ ಲೇಖನ ಓದಿದಾಗ ಅದು ನಮ್ಮ ಡೆಸ್ಕ್‌ನ ಕಥೆಯೇ ಅನ್ನಿಸಿತು. ಸುದ್ದಿಯ ಬಾಗಿಲು ಕಾಯುವವನು ಒಬ್ಬ ಮನುಷ್ಯ. ಅವನಿಗೆ ನಿದ್ದೆ ಬರುತ್ತದೆ, ಅವನಿಗೂ ಒಂದು ಜಾತಿ, ಒಂದು ಊರು, ಒಂದು ಪಕ್ಷದ ಮೇಲೆ ಒಲವು ಇರುತ್ತದೆ.

ನಾರ್ವೆಯ ಯೊಹಾನ್ ಗಾಲ್ಟುಂಗ್ ಮತ್ತು ಮಾರಿ ಹೋಲ್ಮ್‌ಬೋ ರೂಗೆ 1965ರಲ್ಲಿ ಇನ್ನೂ ಆಳಕ್ಕೆ ಹೋದರು. ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳನ್ನು ತಮ್ಮ ದೇಶದ ನಾಲ್ಕು ಪೇಪರ್‌ಗಳು ಹೇಗೆ ಬರೆದವು ಅಂತ ನೋಡಿದರು. ದೊಡ್ಡ ದೇಶ, ದೊಡ್ಡ ಮನುಷ್ಯ, ಕೆಟ್ಟ ಘಟನೆ, ಹತ್ತಿರದ ಜನ. ಇವಿದ್ದರೆ ಸುದ್ದಿ ಬೇಗ ಒಳಗೆ ಬರುತ್ತದೆ. ಇವರು ಹೇಳಿದ ಇನ್ನೊಂದು ಮಾತು ನನಗೆ ಜಾಸ್ತಿ ಮುಖ್ಯ. ಪೇಪರ್ ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಒಂದು ದಿನದೊಳಗೆ ಶುರುವಾಗಿ ಮುಗಿಯುವ ಘಟನೆ ಅದಕ್ಕೆ ಸರಿಹೊಂದುತ್ತದೆ. ನಿಧಾನಕ್ಕೆ ಆಗುವುದು ಅದರ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ನಾರ್ವೆಗೆ ಹೋಗಬೇಕಾಗಿಲ್ಲ. ಚಿತ್ರದುರ್ಗಕ್ಕೆ ಹೋದರೆ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ಎಲ್ಲ ಚಾನೆಲ್‌ಗಳ ಕ್ಯಾಮೆರಾ ಅಲ್ಲಿ. ಹಾಕಲೇಬೇಕಾದ ಸುದ್ದಿ, ನಾವೂ ದೊಡ್ಡದಾಗಿ ಹಾಕಿದೆವು. ಜನ ಪೂಜೆ ಮಾಡಿದರು, ವಯಸ್ಸಾದವರು ನೀರು ನೋಡಿ ಅತ್ತರು. ಆದರೆ ಅದೇ ಜಿಲ್ಲೆಗೆ ನೀರು ಕೊಡಬೇಕಾದ ಭದ್ರಾ ಮೇಲ್ದಂಡೆ ಯೋಜನೆ ವರ್ಷಗಟ್ಟಲೆ ತೆವಳುತ್ತಿದೆ. ಇವತ್ತು ಒಂದು ಕಾಲುವೆಯ ಇನ್ನೂರು ಮೀಟರ್ ಅಗೆದಿಲ್ಲ ಅನ್ನುವುದು ಯಾವ ದಿನದ ಸುದ್ದಿ? ನಿನ್ನೆಯೂ ಅಗೆದಿರಲಿಲ್ಲ, ನಾಳೆಯೂ ಅಗೆಯುವುದಿಲ್ಲ. ಅದರ ಫೋಟೊ ತೆಗೆದರೆ ಒಣ ಮಣ್ಣು ಮಾತ್ರ ಕಾಣುತ್ತದೆ. 2023ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಕೇಂದ್ರ 5,300 ಕೋಟಿ ರೂಪಾಯಿ ಘೋಷಿಸಿದಾಗ ಅದು ಮುಖಪುಟದ ಲೀಡ್, ಅಂದರೆ ಪುಟದ ಮುಖ್ಯ ಸುದ್ದಿ, ಆಯಿತು. ಘೋಷಣೆ ಒಂದು ದಿನದಲ್ಲಿ ಆಗುತ್ತದೆ. ಹಣ ಬಾರದೇ ಇರುವುದು ದಿನಾ ಆಗುತ್ತದೆ. ಆಮೇಲೆ ಆ ಹಣ ಬಂದಿಲ್ಲ ಅಂತ ಯಾರಾದರೂ ಸಚಿವರು ದೂರಿದಾಗ, ಇನ್ನೊಬ್ಬರು ತಿರುಗಿ ಬೈದಾಗ ಮಾತ್ರ ಅದು ಮತ್ತೆ ಸುದ್ದಿ ಆಯಿತು.

ರಾಜಕೀಯ ಸುದ್ದಿಯಲ್ಲಿ ಬೈಗುಳ ಯಾಕಿಷ್ಟು ಅಂತ ಜನ ಕೇಳುತ್ತಾರೆ. ಅದು ಅಗ್ಗ, ಅದಕ್ಕೆ. ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರು ಪ್ರೆಸ್ ಮೀಟ್ ಮಾಡಿ ಹೇಳಿಕೆ ಕೊಡುತ್ತಾರೆ. ಸಂಜೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಹೋಗಿ ಕೂತರೆ ಸುದ್ದಿ ಸಿಕ್ಕಿತು. ಇಬ್ಬರ ಮಾತೂ ಹಾಕಿದರೆ ನ್ಯಾಯವಾಗಿ ನಡೆದುಕೊಂಡೆವು ಅಂತಲೂ ಆಯಿತು. ಅದೇ ಒಂದು ಟೆಂಡರ್‌ನ ಕಾಗದ ಹುಡುಕಲು ವರದಿಗಾರ ಹದಿನೈದು ದಿನ ಓಡಾಡಬೇಕು. ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಸ್ಟ್ರಿಂಗರ್‌ಗಳಿಗೆ ಸಿಗುವ ದುಡ್ಡು ತೀರಾ ಕಡಿಮೆ. ಎಷ್ಟೋ ಜನ ಬೇರೆ ಕೆಲಸ ಮಾಡುತ್ತಾ ಸುದ್ದಿ ಕಳಿಸುತ್ತಾರೆ, ಕೆಲವರು ಜಾಹೀರಾತನ್ನೂ ತರಬೇಕು. ಬೆಳಿಗ್ಗೆ ಜಾಹೀರಾತು ಕೇಳಿದ ಮನುಷ್ಯನ ಮೇಲೆ ಸಂಜೆ ಸುದ್ದಿ ಬರೆಯುವುದು ಎಷ್ಟು ಕಷ್ಟ, ವ್ಯಾಪಾರ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಗೆ ನಿಮ್ಮ ದುಡ್ಡಿನ ಪ್ರಶ್ನೆಗೆ ಬಂದೆವು. ಕಾಸಿಗಾಗಿ ಸುದ್ದಿ ಇದೆಯಾ? ಇದೆ. 2009ರ ಲೋಕಸಭಾ ಚುನಾವಣೆಯ ನಂತರ ದೂರುಗಳು ಎಷ್ಟಾದವು ಅಂದರೆ ಭಾರತೀಯ ಪತ್ರಿಕಾ ಮಂಡಳಿ ಇಬ್ಬರ ಸಮಿತಿ ಮಾಡಿ ತನಿಖೆ ಮಾಡಿಸಿತು. ಈಗ ಚುನಾವಣೆ ಬಂದಾಗ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ. ಸುದ್ದಿಯ ವೇಷದ ಜಾಹೀರಾತು ಕಂಡರೆ ಅಲ್ಲಿ ನೀವೂ ದೂರು ಕೊಡಬಹುದು. ಫೋನ್ ಬರುವುದೂ ಉಂಟು. ನನ್ನ ಸರ್ವಿಸ್‌ನಲ್ಲಿ ಕೆಲವು ಸಲ ಬಂದಿದೆ, ಯಾವಾಗಲೂ ಸ್ಥಳೀಯ ವಿಷಯಕ್ಕೆ. ಯಾರದೋ ಸಂಸ್ಥೆಯ ಹೆಸರು ತೆಗೆಯಿರಿ, ಯಾರದೋ ಕೇಸ್ ಒಳಪುಟಕ್ಕೆ ಹಾಕಿ ಅಂತ. ಒಂದೆರಡು ಸಲ ನಾನು ಹಾಗೇ ಮಾಡಿದ್ದೇನೆ. ಅದು ತಪ್ಪು. ಕೆಲಸ ಉಳಿಸಿಕೊಳ್ಳಲು ಮಾಡಿದೆ ಅಂದರೂ ತಪ್ಪೇ. ಆದರೆ ಆ ಫೋನ್‌ಗಳಿಗಿಂತ ಜಾಸ್ತಿ ಹಾನಿ ಮಾಡಿದ್ದು ಬಾರದೇ ಇದ್ದ ಫೋನ್‌ಗಳು. ಇದು ಬರೆದರೆ ಅವರಿಗೆ ಬೇಜಾರಾಗಬಹುದು ಅಂತ ನಾವೇ ಮೊದಲೇ ಅಂದಾಜು ಮಾಡಿ ಸುಮ್ನೆ ಕೂತದ್ದು.

ಖರ್ಚಿನ ಮಾತೂ ಇದೆ. ಪೇಪರ್ ಅಚ್ಚಾಗುವ ನ್ಯೂಸ್‌ಪ್ರಿಂಟ್ ಬಹಳಷ್ಟು ಹೊರದೇಶದಿಂದ ಬರುತ್ತದೆ. 2019ರ ಬಜೆಟ್‌ನಲ್ಲಿ ಅದರ ಮೇಲೆ ಶೇ 10 ಆಮದು ಸುಂಕ ಬಿತ್ತು, ಮರುವರ್ಷ ಶೇ 5ಕ್ಕೆ ಇಳಿಯಿತು. ಕೋವಿಡ್‌ನಲ್ಲಿ ಜಾಹೀರಾತು ನಿಂತಿತು. ರಷ್ಯಾ–ಉಕ್ರೇನ್ ಯುದ್ಧ ಬಂದಾಗ ಕಾಗದದ ರೇಟು ಏರಿತು. ಪುಟ ಕಡಿಮೆ ಮಾಡಬೇಕಾದಾಗ ಮೊದಲು ಹೋಗುವುದು ಯಾವುದು? ಸಿನಿಮಾ ಹೋಗುವುದಿಲ್ಲ, ಕ್ರೀಡೆ ಹೋಗುವುದಿಲ್ಲ. ವಿದೇಶ ಪುಟ ಹೋಗುತ್ತದೆ. ಜಗತ್ತಿನ ಒಂದು ಮೂಲೆಯ ಯುದ್ಧದಿಂದಾಗಿ ಇನ್ನೊಂದು ಮೂಲೆಯ ಯುದ್ಧದ ಸುದ್ದಿಗೆ ನಮ್ಮಲ್ಲಿ ಜಾಗ ಇಲ್ಲದಂತಾಯಿತು.

ಉಕ್ರೇನ್‌ಗೆ ಸುಡಾನ್‌ಗಿಂತ ಯಾಕೆ ಅಷ್ಟು ಜಾಗ ಸಿಕ್ಕಿತು ಅಂತಲೂ ನೀವು ಯೋಚಿಸಿರಬಹುದು. ದೊಡ್ಡ ದೇಶಗಳ ಜಗಳ, ಕ್ಯಾಮೆರಾ ಹೋಗಲು ದಾರಿ, ಬೇಕಾದಷ್ಟು ಏಜೆನ್ಸಿ ಕಾಪಿ. ನಮ್ಮ ಕಡೆಯ ನಂಟು ಬೇರೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತೀರಿಹೋದ ವೈದ್ಯಕೀಯ ವಿದ್ಯಾರ್ಥಿ ಪಕ್ಕದ ಹಾವೇರಿ ಜಿಲ್ಲೆಯವರು. ಹೆತ್ತವರು ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೇ ದಾನ ಕೊಟ್ಟರು. ಆ ದಿನ ಪುಟ ಕಟ್ಟುವಾಗ ಡೆಸ್ಕ್‌ನಲ್ಲಿ ಯಾರೂ ಮಾತಾಡಲಿಲ್ಲ. ಇನ್ನು ಆಗ ಸೂರ್ಯಕಾಂತಿ ಎಣ್ಣೆ ರೇಟು ಏನಾಯಿತು ಅಂತ ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ನಮ್ಮ ದೇಶಕ್ಕೆ ಬರುವ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್, ರಷ್ಯಾದ್ದೇ ಆಗಿತ್ತು. ಮಂಡಕ್ಕಿ ಮಿರ್ಚಿ ಅಂಗಡಿಯವನಿಗೂ ಆ ಯುದ್ಧ ಗೊತ್ತಾಯಿತು.

ಹತ್ತಿರದ ಸುದ್ದಿ ಯಾವುದು ಅಂತ ಗುರುತಿಸುವುದೇ ಡೆಸ್ಕ್‌ನ ನಿಜವಾದ ಕೆಲಸ. ಅದರಲ್ಲಿ ನಾನು ಒಂದು ಸಲ ಸೋತಿದ್ದನ್ನು ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನ ಒಂದು ರಾತ್ರಿ ನಾಲ್ಕು ಸಾಲಿನ ಏಜೆನ್ಸಿ ಕಾಪಿ ಬಂತು. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಲು ಕೇಂದ್ರ ಒಪ್ಪಿದೆ, ಕನಿಷ್ಠ ಆಮದು ಬೆಲೆಯ ಷರತ್ತು ಇಲ್ಲ ಅಂತ. ಆಗ ಬೇರೆ ಕಡೆಯಿಂದ ಬರುವ ಅಡಿಕೆಗೆ ಕೆ.ಜಿ.ಗೆ 251 ರೂಪಾಯಿ ಕನಿಷ್ಠ ಬೆಲೆ ಇತ್ತು, ಅದಕ್ಕಿಂತ ಅಗ್ಗದ್ದನ್ನು ತರಿಸುವ ಹಾಗಿರಲಿಲ್ಲ. ದೆಹಲಿಯವರಿಗೆ ಇದು ವಾಣಿಜ್ಯ ಪುಟದ ಚೂರು. ಚನ್ನಗಿರಿ, ಹೊನ್ನಾಳಿಯಲ್ಲಿ ತೋಟ ಇಟ್ಟುಕೊಂಡವರಿಗೆ ವರ್ಷದ ಊಟದ ಪ್ರಶ್ನೆ. ನಾನು ಅದನ್ನು ಪುಟಕ್ಕೆ ಹಾಕಿಯೂ ಇದ್ದೆ. ಹತ್ತೂವರೆಗೆ ತಡವಾಗಿ ಒಂದು ಜಾಹೀರಾತು ಬಂತು, ಎರಡು ಐಟಂ ತೆಗೆಯಬೇಕಾಯಿತು. ಚಿಕ್ಕದು ಅಂತ ಇದನ್ನೇ ತೆಗೆದೆ.

ಬೆಳಿಗ್ಗೆ ಏಳಕ್ಕೆ ಚನ್ನಗಿರಿಯ ಒಬ್ಬ ಬೆಳೆಗಾರರು ಆಫೀಸಿಗೆ ಫೋನ್ ಮಾಡಿದರು. ನೈಟ್ ಡ್ಯೂಟಿ ಮುಗಿಸಿ ನಾನು ಮನೆಗೆ ಹೋಗದೆ ಅಲ್ಲೇ ಮಲಗಿದ್ದೆ. 'ಅಡಿಕೆ ಸುದ್ದಿ ಮೊಬೈಲ್‌ನಾಗೆ ಬಂದೈತೆ, ನಮ್ ಪೇಪರ್‌ನಾಗೇ ಇಲ್ವಲ್ಲ ಸರ್?' ಅಂದರು. ಬೈಯಲಿಲ್ಲ. ಬೈದಿದ್ದರೆ ಸುಲಭ ಇತ್ತು. ಅವತ್ತೇ ಸಂಜೆ ಚನ್ನಗಿರಿಯ ಹುಡುಗನನ್ನು ಮಂಡಿಗೆ ಕಳಿಸಿದೆ. ವರ್ತಕರು, ಬೆಳೆಗಾರರು, ಕೊಯ್ಲಿನ ಚೇಣಿ (ಗುತ್ತಿಗೆ) ಹಿಡಿದವರು, ಎಲ್ಲರ ಮಾತೂ ಸೇರಿಸಿ ಜಿಲ್ಲಾ ಪುಟದ ಲೀಡ್ ಮಾಡಿದೆವು. ಆ ಒಂದು ಫೋನ್ ಬಾರದಿದ್ದರೆ ಅದು ಆಗುತ್ತಿರಲಿಲ್ಲ.

ಟಿವಿಯ ಲೆಕ್ಕ ಬೇರೆ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಚಿತ್ರ ಇಲ್ಲದಿದ್ದರೆ ಸುದ್ದಿ ಇಲ್ಲ. ಬೆಂಗಳೂರಿನಿಂದ ಇಲ್ಲಿಗೆ ಇನ್ನೂರೈವತ್ತು ಕಿಲೋಮೀಟರ್ ಮೇಲಾಗುತ್ತದೆ, ಚಾನೆಲ್‌ನ ಗಾಡಿ ಸುಮ್ನೆ ಬರುವುದಿಲ್ಲ. ನಾಲ್ಕು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ ಜಗಳ ಹಚ್ಚುವುದು ಅದಕ್ಕಿಂತ ಅಗ್ಗ. ಮೊಬೈಲ್‌ನಲ್ಲಂತೂ ಯಾವುದನ್ನು ಎಷ್ಟು ಜನ ಒತ್ತಿದರು ಅನ್ನುವುದು ನಿಮಿಷ ನಿಮಿಷಕ್ಕೂ ಕಾಣುತ್ತದೆ. ಒತ್ತದ ಸುದ್ದಿ ಮರುದಿನ ಬರುವುದಿಲ್ಲ.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ವಿದೇಶದ ಸುದ್ದಿ ಓದುವಾಗ ಮೊದಲ ಸಾಲಿನ ಊರಿನ ಹೆಸರು ನೋಡಲಿ. ಸುಡಾನ್ ಯುದ್ಧದ ಸುದ್ದಿಗೆ ಕೈರೋ ಅಂತ ಇದ್ದರೆ ವರದಿಗಾರ ಪಕ್ಕದ ದೇಶದಲ್ಲಿ ಕೂತು ಬರೆದಿದ್ದಾನೆ ಅಂತ ಅರ್ಥ. ತಪ್ಪು ಅಂತಲ್ಲ, ಒಳಗೆ ಬಿಟ್ಟಿಲ್ಲ ಅಂತ. ಆಮೇಲೆ ಏಜೆನ್ಸಿ ಯಾವುದು ನೋಡಲಿ. ಎರಡು ಪೇಪರ್‌ನಲ್ಲೂ ಒಂದೇ ಏಜೆನ್ಸಿ ಇದ್ದರೆ ನೀವು ಓದಿದ್ದು ಒಂದೇ ಸುದ್ದಿ, ಎರಡಲ್ಲ. ಒಂದು ದೇಶದ ಹೆಸರು ಥಟ್ಟನೆ ನಿಂತುಹೋದರೆ ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಹುಡುಕಲಿ. ನಾನು ಕೆಲಸದಲ್ಲಿದ್ದಾಗ ಈ ಅಭ್ಯಾಸ ಮಾಡಿಕೊಳ್ಳಬೇಕಿತ್ತು. ಈಗ ಮಾಡುತ್ತಿದ್ದೇನೆ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಎಲ್ ಫಾಶರ್ ಅಂತ ಇದೆ.

ನೀವು ಪತ್ರ ಬರೆಯಿರಿ. ಮಂಡಿಪೇಟೆಯ ಒಬ್ಬ ಅಂಗಡಿಯವರು ಸುಡಾನ್ ಏನಾಯಿತು ಅಂತ ಕೇಳಿದ್ದಾರೆ ಅಂದರೆ ಡೆಸ್ಕ್‌ನಲ್ಲಿ ಅದಕ್ಕೆ ಬೆಲೆ ಇದೆ. ನಾನು ಕಂಡಂತೆ ಒಂದೇ ವಿಷಯಕ್ಕೆ ಮೂರು ಫೋನ್ ಬಂದರೆ ಮೀಟಿಂಗ್‌ನಲ್ಲಿ ಅದರ ಮಾತು ಬರುತ್ತದೆ. ಪತ್ರದಲ್ಲಿ ಚನ್ನಗಿರಿಯ ಹೆಸರು ಹಾಕುವುದನ್ನು ಮರೆಯಬೇಡಿ. ಫೋನ್ ಮಾಡುವುದಾದರೆ ರಾತ್ರಿ ಬೇಡ, ಆಗ ಯಾರಿಗೂ ಕೇಳುವ ವ್ಯವಧಾನ ಇರುವುದಿಲ್ಲ. ಸಂಜೆ ನಾಲ್ಕರಿಂದ ಐದರ ಒಳಗೆ ಮಾಡಿ. ಅಷ್ಟೊತ್ತಿಗೆ ಡಮ್ಮಿ ಬಂದಿರುತ್ತದೆ, ಪುಟದ ಮೇಲಿನ ಅರ್ಧ ಇನ್ನೂ ಖಾಲಿ ಇರುತ್ತದೆ.